ಸೈಲೇನ್ ಕ್ಯಾಬಿನೆಟ್ ಶುರು ಮಾಡುವ ಮುಂಚೆ, ಅದು ಮುಚ್ಚುತ್ತದಾ ಅಂತ ನೋಡಿ

ಪ್ರಶ್ನೆ: ನಾನು ಮೈಸೂರು ಕಡೆಯವನು. ಸೋಲಾರ್ ಸೆಲ್ ಸಂಶೋಧನೆ ನಡೆಯುವ ಒಂದು ಲ್ಯಾಬ್‌ನಲ್ಲಿ ಗ್ಯಾಸ್ ಲೈನ್‌ಗಳನ್ನು ನೋಡಿಕೊಳ್ಳುತ್ತೇನೆ. ಇಷ್ಟು ದಿನ ನೈಟ್ರೋಜನ್, ಆರ್ಗಾನ್ ಮಾತ್ರ ಇತ್ತು. ಈಗ ಸೈಲೇನ್‌ಗೆ (ಸಿಲಿಕಾನ್ ಪದರ ಹಾಕಲು ಬಳಸುವ ಗ್ಯಾಸ್) ಅಂತ ಹೊಸ ಗ್ಯಾಸ್ ಕ್ಯಾಬಿನೆಟ್, ಅಂದರೆ ಸಿಲಿಂಡರ್ ಇಡುವ, ಎಕ್ಸಾಸ್ಟ್ ಇರುವ ಬೀರು, ಬಂದಿದೆ. ಕಂಪನಿಯ ಎಂಜಿನಿಯರ್ ಬಂದು ಜೋಡಿಸಿ, ಒಂದು ಗಂಟೆ ತರಬೇತಿ ಕೊಟ್ಟರು. "ಸ್ಕ್ರೀನ್ ಹೇಳಿದ ಹಾಗೆ ಬಟನ್ ಒತ್ತಿದರೆ ಸಾಕು" ಅಂದು ಹೋದರು. ಮುಂದಿನ ವಾರ ಸಿಲಿಂಡರ್ ಬರುತ್ತದೆ. ಮೊದಲ ಸಲ ಗ್ಯಾಸ್ ಬಿಡುವಾಗ ಏನೇನು ನೋಡಿಕೊಳ್ಳಬೇಕು? ಪರ್ಜ್ ಮಾಡಲು, ಅಂದರೆ ಪೈಪಿನೊಳಗೆ ಉಳಿದ ಗಾಳಿ, ಗ್ಯಾಸ್ ತೆಗೆದು ಶುದ್ಧ ಮಾಡಲು, ಲ್ಯಾಬ್‌ನ ನೈಟ್ರೋಜನ್ ಲೈನನ್ನೇ ಕೊಟ್ಟರೆ ಆಗುತ್ತದಾ?

ಉತ್ತರ: ಆ "ಬಟನ್ ಒತ್ತಿದರೆ ಸಾಕು" ಅನ್ನುವ ಮಾತಿನಿಂದಲೇ ಶುರು ಮಾಡುತ್ತೇನೆ. ಬಟನ್ ಒತ್ತಿದರೆ ವಾಲ್ವ್ ತೆರೆಯುತ್ತದೆ, ನಿಜ. ಆದರೆ ಎಕ್ಸಾಸ್ಟ್ ಫ್ಯಾನ್ ನಿಂತರೆ ಅದೇ ವಾಲ್ವ್ ತಾನಾಗಿ ಮುಚ್ಚುತ್ತದಾ? ಕರೆಂಟ್ ಹೋದರೆ? ಡಿಟೆಕ್ಟರ್ ಕೂಗಿದರೆ? ಮೊದಲ ಸೈಲೇನ್ ಸಿಲಿಂಡರ್ ನಿಮ್ಮ ಕಟ್ಟಡದ ಹೊಸ್ತಿಲು ದಾಟುವ ಮುಂಚೆ ಇದಕ್ಕೆಲ್ಲ ಉತ್ತರ ಸಿಕ್ಕಿರಬೇಕು. ಅದೂ ಕಾಗದದ ಮೇಲಲ್ಲ, ಪೈಪಿನೊಳಗೆ ನೈಟ್ರೋಜನ್ ತುಂಬಿ, ಕಣ್ಣಾರೆ ನೋಡಿ. ನನ್ನ ಲೆಕ್ಕದಲ್ಲಿ ಸ್ಟಾರ್ಟ್‌ಅಪ್, ಅಂದರೆ ಕ್ಯಾಬಿನೆಟ್ ಮೊದಲ ಸಲ ಶುರು ಮಾಡುವ ಕೆಲಸದ ಮುಕ್ಕಾಲು ಪಾಲು ಇದೇ. ಸೈಲೇನ್ ಬಿಡುವುದು ಕೊನೆಯ ಒಂದು ಗಂಟೆಯ ಕೆಲಸ.

ಸೈಲೇನ್ ಎಂಥದ್ದು ಅಂತ ನಿಮಗೆ ಗೊತ್ತೇ ಇರುತ್ತದೆ. ಗಾಳಿ ಸೋಕಿದರೆ ಸಾಕು, ಕಡ್ಡಿ ಗೀರದೆಯೇ ಹತ್ತಿಕೊಳ್ಳುತ್ತದೆ. ಆದರೆ ತುಂಬ ಜನಕ್ಕೆ ಗೊತ್ತಿಲ್ಲದ ವಿಷಯ ಒಂದಿದೆ. ಕೆಲವು ಸಲ ಅದು ಹತ್ತಿಕೊಳ್ಳುವುದಿಲ್ಲ. ಜೋರಾಗಿ ನುಗ್ಗಿ ಬರುವಾಗ ಒಮ್ಮೊಮ್ಮೆ ಸುಮ್ನೆ ಗಾಳಿಯ ಜೊತೆ ಬೆರೆಯುತ್ತಾ ಹೋಗುತ್ತದೆ. ಕೆಲವು ಕ್ಷಣ ಕಳೆದ ಮೇಲೆ, ಅಥವಾ ಹರಿವು ಕಡಿಮೆಯಾದ ಗಳಿಗೆಯಲ್ಲಿ, ಸೇರಿಕೊಂಡಿದ್ದೆಲ್ಲ ಒಟ್ಟಿಗೆ ಸಿಡಿಯುತ್ತದೆ. ಗಾಳಿಯಲ್ಲಿ ಸುಮಾರು ಶೇ. 1.4ರಷ್ಟು ಇದ್ದರೂ ಉರಿಯಬಲ್ಲದು, ಶೇ. 90 ದಾಟಿದರೂ ಉರಿಯಬಲ್ಲದು. ಅಡುಗೆ ಗ್ಯಾಸ್‌ಗೆ ಈ ವ್ಯಾಪ್ತಿ ಶೇ. 2ರಿಂದ 9ರ ಆಸುಪಾಸು ಅಷ್ಟೇ. ಹತ್ತಿಕೊಂಡು ಉರಿಯುತ್ತಿರುವ ಲೀಕ್ ಕಂಡರೆ ನನಗೆ ಭಯ. ಹತ್ತದೆ ಸುಮ್ಮನಿರುವ ಲೀಕ್ ಅಂದರೆ ಇನ್ನೂ ಜಾಸ್ತಿ ಭಯ.

ಕ್ಯಾಬಿನೆಟ್‌ನ ಪ್ರತಿ ಭಾಗವನ್ನೂ ಈ ಕಾರಣಕ್ಕೇ ಇಟ್ಟಿದ್ದಾರೆ. ಎಕ್ಸಾಸ್ಟ್ ಇರುವುದು ಸೋರಿದ ಗ್ಯಾಸ್ ಒಳಗೆ ಗುಡ್ಡೆ ಬೀಳದಿರಲಿ ಅಂತ. ಸಿಲಿಂಡರ್ ವಾಲ್ವ್‌ನ ಬಾಯಲ್ಲಿ ಒಂದು ಪುಟ್ಟ ತೂತಿನ ಬಿಲ್ಲೆ ಇರುತ್ತದೆ. ಅದು ಸಾಮಾನ್ಯವಾಗಿ 0.25 ಮಿಲಿಮೀಟರ್, ಮೂರು ಕೂದಲೆಳೆ ಪಕ್ಕಪಕ್ಕ ಇಟ್ಟಷ್ಟು. ಪೈಪ್ ಪೂರ್ತಿ ಕಿತ್ತು ಬಂದರೂ ಆ ತೂತಿಗಿಂತ ಜಾಸ್ತಿ ಗ್ಯಾಸ್ ಹೊರಗೆ ಬರಲಾರದು. ಆರ್ಡರ್ ಕೊಡುವಾಗಲೇ ಇದನ್ನು ಬರೆದು ಕೇಳಿ. ಸಿಲಿಂಡರ್ ಬಂದ ಮೇಲೆ ವಾಲ್ವ್ ಮೇಲಿನ ಗುರುತು ನೋಡಿ. ಗುರುತು ಇಲ್ಲದಿದ್ದರೆ ಸಿಲಿಂಡರ್ ಇಳಿಸಿಕೊಳ್ಳಲೇಬೇಡಿ.

ಈಗ ಒಂದು ಅನುಭವ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಒಂದು ಕಡೆ ನನ್ನನ್ನು ಸ್ಟಾರ್ಟ್‌ಅಪ್‌ಗೆ ಕರೆದಿದ್ದರು. ಕ್ಯಾಬಿನೆಟ್ ಹೊಚ್ಚ ಹೊಸದು. ಸ್ಕ್ರೀನ್ ಮೇಲೆ ಎಲ್ಲ ಹಸಿರು. ಎಲ್ಲ ಪರೀಕ್ಷೆಗೂ ಟಿಕ್ ಹಾಕಿದ ಹಾಳೆ ಬಾಗಿಲಿಗೇ ಅಂಟಿಸಿದ್ದರು. ನಾನು ಎಕ್ಸಾಸ್ಟ್ ಡಕ್ಟ್‌ನ ಡ್ಯಾಂಪರ್ (ಗಾಳಿಯ ದಾರಿ ತಡೆಯುವ ಬಾಗಿಲು) ಮುಚ್ಚಿಸಿದೆ. ಅಲಾರಂ ಬರಲಿಲ್ಲ. ಫ್ಯಾನನ್ನೇ ಆಫ್ ಮಾಡಿಸಿದೆ. ಆಗಲೂ ಹಸಿರೇ! ಕಂಟ್ರೋಲ್ ಬಾಕ್ಸ್ ಬಿಚ್ಚಿ ನೋಡಿದರೆ ಎಕ್ಸಾಸ್ಟ್ ಸ್ವಿಚ್ಚಿನ ಎರಡು ಟರ್ಮಿನಲ್ ಮಧ್ಯೆ ಬೆರಳುದ್ದದ ವೈರ್ ತುಂಡು. ಜೋಡಿಸುವಾಗ ಡಕ್ಟ್ ಕೆಲಸ ಇನ್ನೂ ಮುಗಿದಿರಲಿಲ್ಲವಂತೆ. ಅಲಾರಂ ಕಿರಿಕಿರಿ ಬೇಡ ಅಂತ ಯಾರೋ ಜಂಪರ್ ಹಾಕಿದ್ದರು. ತೆಗೆಯಲು ಮರೆತರು. ಹಾಗಾಗಿ ಎಕ್ಸಾಸ್ಟ್ ಇರಲಿ, ಇಲ್ಲದಿರಲಿ, ಮಷಿನ್‌ಗೆ ಎಲ್ಲ ಸರಿಯಾಗೇ ಕಾಣುತ್ತಿತ್ತು.

ಆವತ್ತಿನಿಂದ ನನ್ನದೊಂದು ಅಭ್ಯಾಸ. ಬೇರೆಯವರು ಹಾಕಿದ ಟಿಕ್ ನೋಡುವುದಿಲ್ಲ. ಪ್ರತಿ ಇಂಟರ್‌ಲಾಕನ್ನೂ, ಅಂದರೆ ಏನಾದರೂ ಕೆಟ್ಟಾಗ ವಾಲ್ವ್ ತಾನಾಗಿ ಮುಚ್ಚಿಸುವ ಏರ್ಪಾಡನ್ನೂ, ನಾನೇ ಕೆಡಿಸಿ ನೋಡುತ್ತೇನೆ.

ನೀವೂ ಹೀಗೇ ಮಾಡಿ. ಲೈನ್‌ನಲ್ಲಿ ನೈಟ್ರೋಜನ್ ತುಂಬಿ, ಸಪ್ಲೈ ವಾಲ್ವ್ ತೆರೆದ ಸ್ಥಿತಿಯಲ್ಲಿಡಿ. ಮೊದಲು ಎಕ್ಸಾಸ್ಟ್ ಕಡಿಮೆ ಮಾಡಿ. ವಾಲ್ವ್ ಮುಚ್ಚಬೇಕು. ಮುಚ್ಚಿತು ಅಂತ ಸ್ಕ್ರೀನ್ ಹೇಳಿದರೆ ಸಾಲದು. ಮುಂದಿನ ಕಡೆಯ ಪ್ರೆಷರ್ ಬಿಟ್ಟು ನೋಡಿ, ಅದು ಮತ್ತೆ ಏರಬಾರದು. ಆಮೇಲೆ ವಾಲ್ವ್‌ಗಳನ್ನು ನಡೆಸುವ ಗಾಳಿಯ ಟ್ಯೂಬ್ ಕಿತ್ತು ನೋಡಿ. ಕೈ ತುರ್ತು ಬಟನ್ ಒತ್ತಿ ನೋಡಿ. ಬೆಂಕಿ ಡಿಟೆಕ್ಟರ್‌ಗೆ ಅದರದ್ದೇ ಟೆಸ್ಟ್ ಲ್ಯಾಂಪ್ ಹಿಡಿಯಿರಿ. ಗ್ಯಾಸ್ ಡಿಟೆಕ್ಟರ್‌ಗೆ ಟೆಸ್ಟ್ ಗ್ಯಾಸ್ ಊದಿ, ಎಷ್ಟು ಸೆಕೆಂಡಿಗೆ ಅಲಾರಂ ಬಂತು ಅಂತ ಬರೆದಿಡಿ. ಸೈಲೇನ್‌ಗೆ ಎಂಟು ಗಂಟೆಯ ಕೆಲಸದ ಮಿತಿ 5 ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಐದು ಪಾಲು) ಅಂತ ಹಿಡಿಯುತ್ತಾರೆ. ಅಲಾರಂ ಎಲ್ಲಿ ಹೊಡೆಯಬೇಕು ಅನ್ನುವುದು ಅಲ್ಲಿಂದಲೇ ಶುರುವಾಗಲಿ.

ಕರೆಂಟ್ ಪರೀಕ್ಷೆಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ನಮ್ಮ ಕಡೆ ಕರೆಂಟ್ ಹೋಗುವುದು ಹೊಸದೇನಲ್ಲ ಅಲ್ವಾ. ಹೋದಾಗ ಜನರೇಟರ್ ಎದ್ದೇಳಲು ಕೆಲವು ಸೆಕೆಂಡ್ ಬೇಕು. ಕಂಟ್ರೋಲರ್ ಯುಪಿಎಸ್ ಮೇಲೆ ಇರುತ್ತದೆ, ಫ್ಯಾನ್ ಇರುವುದಿಲ್ಲ. ಅಂದರೆ ಆ ಕೆಲವು ಸೆಕೆಂಡ್ ಕ್ಯಾಬಿನೆಟ್‌ಗೆ ಎಚ್ಚರ ಇದೆ, ಉಸಿರಿಲ್ಲ. ಅಷ್ಟರಲ್ಲಿ ವಾಲ್ವ್ ಮುಚ್ಚಿರಬೇಕು. ಇನ್ನೂ ಮುಖ್ಯ, ಕರೆಂಟ್ ವಾಪಸ್ ಬಂದಾಗ ಅದು ತಾನಾಗಿ ತೆರೆಯಬಾರದು. ಯಾರಾದರೂ ಬಂದು, ನೋಡಿ, ಕೈಯಾರೆ ರೀಸೆಟ್ ಮಾಡಬೇಕು. ಇದನ್ನು ಮೇನ್ ಸ್ವಿಚ್ ಆಫ್ ಮಾಡಿಯೇ ಪರೀಕ್ಷಿಸಿ. ಲ್ಯಾಬ್‌ನ ಬೇರೆಯವರು ಬೈಯುತ್ತಾರೆ. ಬೈಯಲಿ, ಭಾನುವಾರ ಮಾಡಿ.

ಎಕ್ಸಾಸ್ಟ್ ಎಷ್ಟಿರಬೇಕು? ಕ್ಯಾಬಿನೆಟ್‌ನ ಸಣ್ಣ ಕಿಟಕಿ ತೆರೆದಾಗ ಒಳಗೆ ಎಳೆದುಕೊಳ್ಳುವ ಗಾಳಿಯ ವೇಗ ಸರಾಸರಿ ಸೆಕೆಂಡಿಗೆ 1 ಮೀಟರ್ ಇರಬೇಕು, ಯಾವ ಮೂಲೆಯಲ್ಲೂ 0.75 ಮೀಟರ್‌ಗಿಂತ ಕಡಿಮೆ ಆಗಬಾರದು. ಸಾಮಾನ್ಯವಾಗಿ ಪಾಲಿಸುವ ಅಳತೆ ಇದು. ಅನಿಮೋಮೀಟರ್ ಹಿಡಿದು ಕಿಟಕಿಯ ನಾಲ್ಕು ಮೂಲೆ, ನಡುವೆ, ಎಲ್ಲ ಕಡೆ ಅಳೆಯಿರಿ. ದಿನಾ ಬೆಳಿಗ್ಗೆ ನೋಡಲು ಟಿಶ್ಯೂ ಪೇಪರ್ ಚೂರು ಸಾಕು. ಒಳಗೆ ಎಳೆದರೆ ಸರಿ, ನೇತಾಡಿದರೆ ಏನೋ ಕೆಟ್ಟಿದೆ.

ಮುಂದಿನದು ಲೀಕ್ ಟೆಸ್ಟ್. ಸೋಪಿನ ನೀರಿನಲ್ಲಿ ಇದು ಮುಗಿಯುವುದಿಲ್ಲ. ಹೀಲಿಯಂ ಲೀಕ್ ಡಿಟೆಕ್ಟರ್ ಬೇಕು. ಇಂಥ ಪ್ಯಾನೆಲ್‌ಗಳಿಗೆ (ಕ್ಯಾಬಿನೆಟ್ ಒಳಗಿನ ಪೈಪು, ವಾಲ್ವುಗಳ ಜೋಡಣೆ) ಕೇಳುವ ಮಟ್ಟ ಸೆಕೆಂಡಿಗೆ 1×10⁻⁹ ಘನ ಸೆಂಟಿಮೀಟರ್ ಹೀಲಿಯಂ. ಈ ಸಂಖ್ಯೆ ನೋಡಿದರೆ ಏನೂ ಅನ್ನಿಸುವುದಿಲ್ಲ. ಹೀಗೆ ಲೆಕ್ಕ ಹಾಕಿ: ಆ ವೇಗದಲ್ಲಿ ಒಂದೇ ಒಂದು ಘನ ಸೆಂಟಿಮೀಟರ್ ಸೋರಲು 31 ವರ್ಷಕ್ಕೂ ಜಾಸ್ತಿ ಬೇಕು. ಸೋಪಿನ ಗುಳ್ಳೆಗೆ ಇದು ಹೇಗೆ ಸಿಗಬೇಕು ಹೇಳಿ.

ಜೊತೆಗೆ ಒಂದು ರಾತ್ರಿ ಪ್ರೆಷರ್ ಕಟ್ಟಿ ಬಿಡಿ. ಬೆಳಿಗ್ಗೆ ಬಂದು ನೋಡಿದಾಗ ಮುಳ್ಳು ಇಳಿದಿದ್ದರೆ ತಕ್ಷಣ ಗಾಬರಿ ಬೇಡ. ಸಂಜೆ 27 ಡಿಗ್ರಿ ಇದ್ದದ್ದು ಬೆಳಗಿನ ಜಾವ 24 ಆಗಿರಬಹುದು. ಮೂರು ಡಿಗ್ರಿ ಇಳಿದರೆ ಪ್ರೆಷರ್ ಶೇ. 1ರಷ್ಟು ಇಳಿಯುತ್ತದೆ, 100 ಬಾರ್‌ಗೆ ಒಂದು ಬಾರ್. ಅದು ಲೀಕ್ ಅಲ್ಲ, ಚಳಿ. ಆದ್ದರಿಂದ ಪ್ರೆಷರ್ ಪಕ್ಕದಲ್ಲೇ ತಾಪಮಾನವನ್ನೂ ಬರೆದಿಡಿ. ಇದನ್ನು ಬರೆಯದೆ, ಎರಡು ದಿನ ಇಲ್ಲದ ಲೀಕ್ ಹುಡುಕಿದವರನ್ನು ನೋಡಿದ್ದೇನೆ. ಲೀಕ್ ಇದ್ದೂ "ಚಳಿಗೆ ಇಳಿದಿದೆ ಬಿಡಿ ಸರ್" ಅಂದವರನ್ನೂ ನೋಡಿದ್ದೇನೆ.

ಇನ್ನು ನಿಮ್ಮ ಎರಡನೇ ಪ್ರಶ್ನೆ. ಲ್ಯಾಬ್ ನೈಟ್ರೋಜನ್ ಲೈನಿನಿಂದ ಪರ್ಜ್ ಮಾಡಬಹುದಾ? ಬೇಡ. ಖಂಡಿತ ಬೇಡ.

ಕಾರಣ ಪ್ರೆಷರ್‌ನಲ್ಲಿದೆ. ಸೈಲೇನ್ ಸಿಲಿಂಡರ್ ಕಡೆ ಹತ್ತಾರು ಬಾರ್ ಇರುತ್ತದೆ. ನಿಮ್ಮ ನೈಟ್ರೋಜನ್ ಲೈನ್ ಆರೇಳು ಬಾರ್. ಮಧ್ಯೆ ಇರುವುದು ಒಂದು ಪರ್ಜ್ ವಾಲ್ವ್, ಒಂದು ಚೆಕ್ ವಾಲ್ವ್. ಚೆಕ್ ವಾಲ್ವ್ ಗ್ಯಾಸನ್ನು ಒಂದೇ ದಿಕ್ಕಿಗೆ ಬಿಡುತ್ತದೆ, ಒಳಗಿರುವುದು ಒಂದು ಸ್ಪ್ರಿಂಗ್, ಒಂದು ರಬ್ಬರ್ ಉಂಗುರ. ಸಣ್ಣ ಕಣ ಸಿಕ್ಕಿಕೊಂಡರೆ ಸಾಕು, ಅದು ಮುಚ್ಚುವುದಿಲ್ಲ. ಆಗ ಸೈಲೇನ್ ಹಿಂದಕ್ಕೆ ಹೋಗಿ, ಪಕ್ಕದ ರೂಮಿನಲ್ಲಿ ವಿದ್ಯಾರ್ಥಿಯೊಬ್ಬ ಸ್ಯಾಂಪಲ್ ಒಣಗಿಸಲು ಹಿಡಿದ ನೈಟ್ರೋಜನ್ ಗನ್ನಿನಲ್ಲಿ ಹೊರಗೆ ಬರಬಹುದು. ಉಲ್ಟಾ ಕೂಡ ಆಗಬಹುದು. ಅದೇ ನೈಟ್ರೋಜನ್ ಲೈನಿಗೆ ಬೇರೊಂದು ಕ್ಯಾಬಿನೆಟ್ ಕೂಡಿದ್ದರೆ ಅಲ್ಲಿನ ಗ್ಯಾಸ್ ಸೈಲೇನ್ ಕಡೆಗೆ ಬರಬಹುದು.

ಬೇಡದ ಗ್ಯಾಸ್ ಸೈಲೇನ್ ಜೊತೆ ಸೇರಿದರೆ ಏನಾಗುತ್ತದೆ ಅಂತ ಜಗತ್ತು ಒಮ್ಮೆ ನೋಡಿದೆ. 1988ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಒಂದು ಸೈಲೇನ್ ಸಿಲಿಂಡರ್ ಸಿಡಿದು ಮೂವರು ಸತ್ತರು. ಸಿಲಿಂಡರ್ ಒಳಗೆ ನೈಟ್ರಸ್ ಆಕ್ಸೈಡ್ ಸೇರಿಕೊಂಡಿತ್ತು. ಆಕ್ಸೈಡ್ ಪದರ ಹಾಕುವ ಮಷಿನ್‌ಗಳಿಗೆ ಈ ಎರಡೂ ಗ್ಯಾಸ್ ಬೇಕು. ಹಾಗಾಗಿ ಒಂದೇ ಲ್ಯಾಬ್‌ನಲ್ಲಿ, ಅಕ್ಕಪಕ್ಕದ ಕ್ಯಾಬಿನೆಟ್‌ನಲ್ಲಿ ಇವೆರಡೂ ಇರುವುದು ಮಾಮೂಲಿ. ಒಂದು ಉರಿಯುವುದು, ಇನ್ನೊಂದು ಉರಿಸುವುದು. ಒಂದೇ ಉಕ್ಕಿನ ಡಬ್ಬದೊಳಗೆ ಇವೆರಡೂ ಸೇರಿದರೆ ಹೊರಗಿನ ಗಾಳಿಯ ಹಂಗೇ ಬೇಕಿಲ್ಲ.

ಆದ್ದರಿಂದ ಪರ್ಜ್‌ಗೆ ಪ್ರತ್ಯೇಕ ನೈಟ್ರೋಜನ್ ಸಿಲಿಂಡರ್ ಇಡಿ. ಅದು ಸೈಲೇನ್ ಕ್ಯಾಬಿನೆಟ್‌ಗೆ ಮಾತ್ರ, ಅಥವಾ ಸೈಲೇನ್ ಜೊತೆ ಜಗಳವಾಡದ ಗ್ಯಾಸ್‌ಗಳಿಗೆ ಮಾತ್ರ. ಲ್ಯಾಬ್ ಲೈನಿನ ನೈಟ್ರೋಜನನ್ನು ವೆಂಚುರಿಗೆ ಕೊಡಬಹುದು. ವೆಂಚುರಿ ಅಂದರೆ ಕ್ಯಾಬಿನೆಟ್ ಒಳಗೆ ಸುಯ್ಯ್ ಅಂತ ಸದ್ದು ಮಾಡುತ್ತಾ ನಿರ್ವಾತ ಎಳೆಯುವ ಪುಟ್ಟ ಭಾಗ. ಅದಕ್ಕೆ ಕೊಟ್ಟ ನೈಟ್ರೋಜನ್ ಸೀದಾ ವೆಂಟ್‌ಗೆ, ಅಂದರೆ ಹೊರಗೆ ಬಿಡುವ ಪೈಪಿಗೆ, ಹೋಗುತ್ತದೆ. ಅಲ್ಲೂ ಒಂದು ಚೆಕ್ ವಾಲ್ವ್ ಇರಲಿ.

ಪರ್ಜ್ ಅಂದರೆ ಸುಮ್ನೆ ನೈಟ್ರೋಜನ್ ಹಾಯಿಸುವುದು ಅಂತ ಕೆಲವರು ತಿಳಿದಿದ್ದಾರೆ. ಹಾಗೆ ಹಾಯಿಸಿದರೆ ನೇರ ದಾರಿ ಮಾತ್ರ ಶುದ್ಧವಾಗುತ್ತದೆ. ಗೇಜಿನ ಕವಲು, ಮುಚ್ಚಿದ ವಾಲ್ವಿನ ಮೂಲೆ, ಇಂಥ ಕಡೆ ಹಳೆಯ ಗಾಳಿ ಹಾಗೇ ಕೂತಿರುತ್ತದೆ. ಹೊಳೆ ಹರಿಯುತ್ತಿದ್ದರೂ ದಡದ ಗುಂಡಿಯಲ್ಲಿ ನೀರು ನಿಂತಿರುವುದಿಲ್ಲವೇ, ಹಾಗೆ. ಅದಕ್ಕೇ ತುಂಬುವುದು, ಎಳೆಯುವುದು, ಮತ್ತೆ ತುಂಬುವುದು. 7 ಬಾರ್‌ವರೆಗೆ ತುಂಬಿ 0.2 ಬಾರ್‌ವರೆಗೆ ಎಳೆದಿರಿ ಅನ್ನಿ, ಎರಡೂ ನಿರ್ವಾತದಿಂದ ಎಣಿಸಿದ ಲೆಕ್ಕ. ಒಂದು ಸುತ್ತಿಗೆ ಉಳಿದ ಗಾಳಿ 35ರಲ್ಲಿ ಒಂದು ಪಾಲು. ಮೂರು ಸುತ್ತಿಗೆ ಸುಮಾರು 43,000ದಲ್ಲಿ ಒಂದು. ಐದು ಸುತ್ತಿಗೆ ಐದು ಕೋಟಿಯಲ್ಲಿ ಒಂದು! ಅದೇ ವೆಂಚುರಿ ಸೋಮಾರಿಯಾಗಿ 0.5 ಬಾರ್‌ಗೇ ನಿಂತರೆ ಮೂರು ಸುತ್ತಿಗೆ 2,700ರಲ್ಲಿ ಒಂದು ಪಾಲು ಮಾತ್ರ ಸಿಗುತ್ತದೆ. ಆಟೋ ಪರ್ಜ್ ಬಟನ್ ಸುತ್ತು ಎಣಿಸುತ್ತದೆ ನಿಜ. ಪ್ರತಿ ಸುತ್ತಿನಲ್ಲೂ ಮುಳ್ಳು ಎಲ್ಲಿಗೆ ಇಳಿಯಿತು ಅಂತ ನೋಡಬೇಕಾದವರು ನೀವು.

ಈ ಲೆಕ್ಕ ಗಾಳಿಗೆ ಸರಿ. ಪೈಪಿನ ಗೋಡೆಗೆ ಅಂಟಿದ ತೇವಕ್ಕೆ ಅಲ್ಲ. ತೇವ ನಿಧಾನವಾಗಿ ಬಿಡುತ್ತದೆ. ಹೊಸ ಪ್ಯಾನೆಲ್ ಆದ್ದರಿಂದ ನಾನಾದರೆ ಸುತ್ತುಗಳನ್ನು ರಾತ್ರಿಯಿಡೀ ಓಡಲು ಬಿಡುತ್ತೇನೆ. ಒಳಗೆ ಗಾಳಿ ಉಳಿದರೆ ಅಪಾಯದ ಜೊತೆಗೆ ಇನ್ನೊಂದು ತಲೆನೋವೂ ಇದೆ. ಸೈಲೇನ್ ಅದರ ಜೊತೆ ಸೇರಿ ಬಿಳಿ ಪುಡಿಯಾಗುತ್ತದೆ. ಅದು ಮರಳಿನ ತಮ್ಮನೇ, ಸಿಲಿಕಾ. ಆ ಪುಡಿ ರೆಗ್ಯುಲೇಟರ್ ಸೀಟಿನಲ್ಲಿ (ಒಳಗೆ ಗ್ಯಾಸ್ ತಡೆದು ನಿಲ್ಲಿಸುವ ಜಾಗ) ಕೂತರೆ ಪ್ರೆಷರ್ ತಾನಾಗಿ ತೆವಳಿಕೊಂಡು ಏರುತ್ತದೆ. ವೆಂಟ್ ಪೈಪಿನಲ್ಲಿ ಸದಾ ಸಣ್ಣದಾಗಿ ನೈಟ್ರೋಜನ್ ಹರಿಯುತ್ತಿರಬೇಕು ಅನ್ನುವುದೂ ಇದಕ್ಕೇ. ಇಲ್ಲದಿದ್ದರೆ ಹೊರಗಿನ ಗಾಳಿ ಹಿಂದಕ್ಕೆ ನುಸುಳಿ, ವೆಂಟ್ ಬಾಯಿ ಪುಡಿಯಿಂದ ಕಟ್ಟಿಕೊಳ್ಳುತ್ತದೆ.

ಈಗ ಸಿಲಿಂಡರ್ ಕೂಡಿಸುವ ದಿನಕ್ಕೆ ಬರೋಣ. ಕಾಗದಪತ್ರದ ವಿಷಯ ಚಿಕ್ಕದಾಗಿ ಹೇಳುತ್ತೇನೆ. ನಮ್ಮಲ್ಲಿ ಸಿಲಿಂಡರ್‌ಗಳಿಗೆ 2016ರ ಗ್ಯಾಸ್ ಸಿಲಿಂಡರ್ ನಿಯಮಗಳಿವೆ. ಅವನ್ನು ನೋಡಿಕೊಳ್ಳುವುದು ನಾಗ್ಪುರದಲ್ಲಿ ಮುಖ್ಯ ಕಚೇರಿ ಇರುವ ಪೆಸೊ, ಅಂದರೆ ಕೇಂದ್ರ ಸರ್ಕಾರದ ಪೆಟ್ರೋಲಿಯಂ ಮತ್ತು ಸ್ಫೋಟಕ ಸುರಕ್ಷತಾ ಸಂಸ್ಥೆ. ಸಿಲಿಂಡರ್‌ಗೆ ಅನುಮತಿ ಇದೆಯಾ, ಟೆಸ್ಟ್ ದಿನಾಂಕ ದಾಟಿಲ್ಲ ತಾನೇ, ನಿಮ್ಮ ಜಾಗಕ್ಕೆ ಲೈಸೆನ್ಸ್ ಬೇಕಾ ಅನ್ನುವುದನ್ನು ನಿಮ್ಮ ಸುರಕ್ಷತಾ ಅಧಿಕಾರಿ ಮೊದಲೇ ಮುಗಿಸಿರಲಿ.

ಆ ದಿನ ಇಬ್ಬರು ಬೇಕೇ ಬೇಕು. ಒಬ್ಬರು ಕೆಲಸಕ್ಕೆ, ಇನ್ನೊಬ್ಬರು ತುರ್ತು ಬಟನ್ ಹತ್ತಿರ, ಬೇರೇನೂ ಮಾಡದೆ ನೋಡುತ್ತಾ ನಿಲ್ಲಲು. ಬೆಂಕಿ ತಡೆಯುವ ಕೋಟು, ಚರ್ಮದ ಗ್ಲೌಸ್, ಮುಖಕ್ಕೆ ಶೀಲ್ಡ್. ನೈಲಾನ್, ಪಾಲಿಯೆಸ್ಟರ್ ಬಟ್ಟೆ ಬೇಡ, ಅದು ಕರಗಿ ಮೈಗೆ ಅಂಟುತ್ತದೆ. ಸಿಲಿಂಡರನ್ನು ಒಳಗಿಟ್ಟು, ಚೈನ್ ಬಿಗಿದ ಮೇಲೆಯೇ ಮೇಲಿನ ಟೋಪಿ ತೆಗೆಯಿರಿ. ವಾಲ್ವ್ ಮುಚ್ಚಿದೆಯಾ ಅಂತ ಮುಟ್ಟಿ ನೋಡಿ. ವಾಲ್ವಿನ ಬಾಯಿಗೆ ಹಾಕಿದ ಮುಚ್ಚಳ ಬಿಚ್ಚುವಾಗ ಎದುರಿಗೆ ನಿಲ್ಲಬೇಡಿ, ಪಕ್ಕಕ್ಕೆ ನಿಲ್ಲಿ. ಕಾಲು ಸುತ್ತು ತಿರುಗಿಸಿ ತಡೆಯಿರಿ. ಸೀಟು ಸೋರಿ ಮುಚ್ಚಳದ ಹಿಂದೆ ಗ್ಯಾಸ್ ಸೇರಿಕೊಂಡಿದ್ದರೆ ಆಗಲೇ ಗೊತ್ತಾಗುತ್ತದೆ, ಪಟ್ ಅಂತ ಸದ್ದು, ಒಂದು ಮಿಂಚು, ಬಿಳಿ ಹೊಗೆ. ಹಾಗಾದರೆ ಮುಚ್ಚಳ ವಾಪಸ್ ಬಿಗಿದು ಸಪ್ಲೈಯರ್‌ಗೆ ಫೋನ್ ಮಾಡಿ.

ಗ್ಯಾಸ್ಕೆಟ್ ಪ್ರತಿ ಸಲ ಹೊಸದು. ಇದರಲ್ಲಿ ಜಿಪುಣತನ ಬೇಡ. ಒಮ್ಮೆ ಬಿಗಿದ ನಿಕ್ಕಲ್ ಗ್ಯಾಸ್ಕೆಟ್ ತೆಗೆದು ಬೆಳಕಿಗೆ ಹಿಡಿದು ನೋಡಿ, ಸುತ್ತ ಒಂದು ತೆಳ್ಳನೆ ಗೆರೆ ಒತ್ತಿರುತ್ತದೆ. ಅದೇ ಗೆರೆಯ ಮೇಲೆ ಮತ್ತೆ ಅಷ್ಟೇ ಸರಿಯಾಗಿ ಕೂರಿಸಲು ಯಾರಿಂದಲೂ ಆಗದು. ಬಿಗಿಯಲು ಟಾರ್ಕ್ ವ್ರೆಂಚ್ ಬಳಸಿ, ತಯಾರಕರು ಹೇಳಿದ ಸಂಖ್ಯೆಗೆ. ಜೋಡಿಸಿದ ಮೇಲೆ ಸಿಲಿಂಡರ್ ವಾಲ್ವ್ ಮುಟ್ಟದೆ ಮತ್ತೆ ಪರ್ಜ್, ಮತ್ತೆ ಲೀಕ್ ಟೆಸ್ಟ್. ನಿನ್ನೆ ಪಾಸಾದ ಪ್ಯಾನೆಲ್ ಇವತ್ತೂ ಪಾಸು ಅಂತ ಹೇಳಲಾಗದು, ಇವತ್ತು ಹೊಸದೊಂದು ಕೂಡು ಸೇರಿದೆ.

ಇಷ್ಟೆಲ್ಲ ಆದ ಮೇಲೆ ಸೈಲೇನ್. ರೆಗ್ಯುಲೇಟರ್ ಪೂರ್ತಿ ಸಡಿಲಿಸಿ. ಕ್ಯಾಬಿನೆಟ್ ಬಾಗಿಲು, ಕಿಟಕಿ ಮುಚ್ಚಿ. ಮಷಿನ್ ಕಡೆಯ ಸ್ಕ್ರಬ್ಬರ್ (ಹೊರಬರುವ ಗ್ಯಾಸನ್ನು ಶುದ್ಧ ಮಾಡುವ ಯಂತ್ರ) ಓಡುತ್ತಿರಬೇಕು. ಸಿಲಿಂಡರ್ ವಾಲ್ವ್ ದೂರದಿಂದ ತೆರೆಯುವಂಥದ್ದಾದರೆ ದೂರದಿಂದಲೇ ತೆರೆಯಿರಿ. ಕ್ಷಣ ತೆರೆದು ಮುಚ್ಚಿಬಿಡಿ. ಈಗ ಸಿಲಿಂಡರ್ ಮತ್ತು ಪ್ಯಾನೆಲ್ ನಡುವಿನ ಗೇಣುದ್ದದ ಪೈಪಿನಲ್ಲಿ ಮಾತ್ರ ಸೈಲೇನ್ ಇದೆ. ಲೀಕ್ ಆದರೂ ಹೊರಬರುವುದು ಅಷ್ಟೇ. ಕೈಕಟ್ಟಿ ಹತ್ತು ನಿಮಿಷ ಪ್ರೆಷರ್ ನೋಡಿ. ಇಳಿಯುತ್ತಿದ್ದರೆ ಎಲ್ಲೋ ಸೋರುತ್ತಿದೆ. ಏರುತ್ತಿದ್ದರೆ? ಸಿಲಿಂಡರ್ ವಾಲ್ವ್ ಪೂರ್ತಿ ಮುಚ್ಚುತ್ತಿಲ್ಲ. ತುಂಬ ಜನ ಇಳಿಯುವುದನ್ನು ಮಾತ್ರ ನೋಡುತ್ತಾರೆ. ಮುಚ್ಚದ ವಾಲ್ವ್ ಇರುವ ಸಿಲಿಂಡರನ್ನು ಇವತ್ತೇ ವಾಪಸ್ ಕಳಿಸುವುದು ಸುಲಭ. ಖಾಲಿಯಾಗುವ ಮೊದಲೇ ಬದಲಿಸಬೇಕಾಗಿ ಬಂದರೆ ಒದ್ದಾಡಬೇಕಾಗುತ್ತದೆ.

ಮುಳ್ಳು ನಿಂತಲ್ಲೇ ನಿಂತಿದ್ದರೆ ವಾಲ್ವ್ ತೆರೆದು, ರೆಗ್ಯುಲೇಟರನ್ನು ಮೆಲ್ಲಗೆ ತಿರುಗಿಸಿ. ಮೆಲ್ಲಗೆ ಅನ್ನುವುದಕ್ಕೆ ಕಾರಣ ಇದೆ. ಖಾಲಿ ಲೈನಿಗೆ ಗ್ಯಾಸ್ ಒಮ್ಮೆಲೇ ನುಗ್ಗಿದರೆ ಅತಿ ಹರಿವಿನ ಸ್ವಿಚ್, ಎಲ್ಲೋ ಪೈಪ್ ಒಡೆದಿದೆ ಅಂದುಕೊಂಡು ಎಲ್ಲ ಮುಚ್ಚಿಬಿಡುತ್ತದೆ. ಎರಡು ಸಲ ಹೀಗಾದರೆ ಸಾಕು, ಪಕ್ಕದಲ್ಲಿ ನಿಂತವರು "ಅದನ್ನ ಸ್ವಲ್ಪ ಬೈಪಾಸ್ ಮಾಡಿ ಸರ್" ಅನ್ನುತ್ತಾರೆ. ಆ ವೈರ್ ತುಂಡಿನ ಕಥೆ ಶುರುವಾಗುವುದೇ ಹೀಗೆ. ಬೈಪಾಸ್ ಬೇಡ, ಕೈ ನಿಧಾನ ಮಾಡಿ.

ಅಲಾರಂ ಬಂದರೆ ಏನು ಮಾಡಬಾರದು ಅನ್ನುವುದನ್ನು ಲ್ಯಾಬ್‌ನ ಎಲ್ಲರಿಗೂ ಹೇಳಿಡಿ. ಬಾಗಿಲು ತೆರೆದು ಇಣುಕಬಾರದು. ಎಕ್ಸಾಸ್ಟ್ ಆಫ್ ಮಾಡಬಾರದು. ಉರಿಯುತ್ತಿದ್ದರೆ ಆರಿಸಲು ಹೋಗಬಾರದು. ಗ್ಯಾಸ್ ನಿಲ್ಲಿಸದೆ ಉರಿ ಆರಿಸಿದರೆ, ಸೋರಿದ ಗ್ಯಾಸ್ ಗುಡ್ಡೆ ಬಿದ್ದು ಆಮೇಲೆ ಸಿಡಿಯುತ್ತದೆ. ತುರ್ತು ಬಟನ್ ಒತ್ತಿ, ಎಲ್ಲರನ್ನೂ ಹೊರಗೆ ಕಳಿಸಿ, ಉರಿಯಲು ಬಿಡಿ. ಡಿಟೆಕ್ಟರ್ ಕೂಗುತ್ತಿದೆ, ಆದರೆ ಬೆಂಕಿ ಕಾಣುತ್ತಿಲ್ಲ ಅಂದರೆ ಇನ್ನೂ ದೂರ ಹೋಗಿ. "ಸುಳ್ಳು ಅಲಾರಂ ಇರಬೇಕು" ಅಂತ ನೋಡಲು ಹೋಗುವ ಧೈರ್ಯಶಾಲಿ ಪ್ರತಿ ಲ್ಯಾಬ್‌ನಲ್ಲೂ ಒಬ್ಬರಿರುತ್ತಾರೆ. ಅವರ ಜೊತೆ ಮೊದಲೇ ಕೂತು ಮಾತಾಡಿ.

ಮುಂದೆ ಆರ್ಸೀನ್‌ನಂಥ ವಿಷದ ಗ್ಯಾಸ್ ತರುವ ಯೋಚನೆ ಇದ್ದರೆ ಈ ಉತ್ತರ ಸಾಲದು. ಅಲ್ಲಿ ಮಿತಿ 5 ಪಿಪಿಬಿ (ನೂರು ಕೋಟಿ ಪಾಲಿನಲ್ಲಿ ಐದು), ಸೈಲೇನ್‌ಗಿಂತ ಸಾವಿರ ಪಟ್ಟು ಕಡಿಮೆ. ಉಸಿರಾಟದ ಸಿಲಿಂಡರ್ ಬೆನ್ನಿಗೆ ಕಟ್ಟಿಕೊಂಡೇ ಕೆಲಸ.

ಕೊನೆಗೆ ನಿಮ್ಮ ದಿನಾಂಕದ ಬಗ್ಗೆ. ಮುಂದಿನ ವಾರ ಸಿಲಿಂಡರ್ ಬರುತ್ತದೆ ಅಂದಿರಿ. ಇವತ್ತೇ ಸಪ್ಲೈಯರ್‌ಗೆ ಫೋನ್ ಮಾಡಿ ಮೂರು ವಾರ ಮುಂದಕ್ಕೆ ಹಾಕಿಸಿ. ಆ ಎಂಜಿನಿಯರನ್ನೂ ವಾಪಸ್ ಕರೆಸಿ, ಇಂಟರ್‌ಲಾಕ್ ಪರೀಕ್ಷೆ ಅವರ ಎದುರಿಗೇ ಆಗಲಿ. ಅವರು ಬರುವ ಮುಂಚೆ ಕಂಟ್ರೋಲ್ ಬಾಕ್ಸ್ ಬಿಚ್ಚಿ, ಟರ್ಮಿನಲ್‌ಗಳ ಮಧ್ಯೆ ಟಾರ್ಚ್ ಹಾಕಿ ಒಮ್ಮೆ ನೋಡಿಬಿಡಿ. ಸರ್ಕ್ಯೂಟ್ ಚಿತ್ರದಲ್ಲಿ ಇಲ್ಲದ ವೈರ್ ಏನಾದರೂ ಕಂಡರೆ, ಮುಟ್ಟುವ ಮುಂಚೆ ಒಂದು ಫೋಟೋ ತೆಗೆದಿಟ್ಟುಕೊಳ್ಳಿ.